ಕೈ ಕುಂತಿಲ್ಲ

ಮಾವನವರ ಕಣ್ಣಿಗೆ ಪೊರೆ ಬಂದ ವರ್ಷ ನಾನು ಪಿಕಪ್ ಓಡಿಸಲು ಕಲಿತೆ. ನನ್ನ ಗಂಡ ಕೊಲ್ಹಾಪುರದ ಹತ್ತಿರದ ಗೋಕುಳ ಶಿರಗಾಂವದ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿಯೇ ಖೋಲಿ ಹಿಡಿದು, ವಾರದ ಸೂಟಿಗೆ ಮಾತ್ರ ಕಬನೂರಿಗೆ ಬರುತ್ತಿದ್ದರು. ಮನೆಯ ಮುಂದೆ ನಿಲ್ಲುವ ಹಳೆಯ ಪಿಕಪ್ಪೇ ಮಾವನವರ ಉದ್ಯೋಗ. ನೂಲು ಸುತ್ತಿದ ಬೀಮುಗಳನ್ನು ಇಚಲಕರಂಜಿಯ ಮಗ್ಗದ ಶೆಡ್ಡುಗಳಿಗೆ ಮುಟ್ಟಿಸುವುದು, ಬಟ್ಟೆಯ ಗಂಟುಗಳನ್ನು ಗಡಹಿಂಗ್ಲಜದ ಅಂಗಡಿಗಳಿಗೆ ಒಯ್ಯುವುದು, ನಡುನಡುವೆ ಉದಗಾಂವದ ಒಂದು ಜೈನ ಮನೆತನದ ಹೊಲದಿಂದ ತರಕಾರಿ ಹೇರಿ ಕೊಲ್ಹಾಪುರದ ಪೇಟೆಗೆ ಹಾಕುವುದು. ಆಪರೇಶನ್ ಆಗಿ ತಾನು ಹೇಳುವವರೆಗೂ ಸ್ಟೇರಿಂಗ್ ಮುಟ್ಟಕೂಡದು ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟರು.

ಬೇರೆ ಡ್ರೈವರ್ ಇಡುವ ಮಾತಿಗೆ ಮಾವನವರು ಒಪ್ಪಲಿಲ್ಲ. ಆ ಗಾಡಿಯನ್ನು ಅವರು ಒಂದು ದಿನವೂ ಹೊರಗಿನವರ ಕೈಗೆ ಕೊಟ್ಟವರಲ್ಲ. ಮದುವೆಗೆ ಮುಂಚೆ ಬನಹಟ್ಟಿಯಲ್ಲಿ ನಾನು ಅಣ್ಣನ ಟ್ರ್ಯಾಕ್ಟರ್ ಓಡಿಸುತ್ತಿದ್ದದ್ದು ಅತ್ತೆಗೆ ಗೊತ್ತಿತ್ತು.

"ಈಕಿ ಓಡಸ್ತಾಳ ತಗೋರಿ. ಲೈಸನ್ಸ್ ತಗಸ್ರಿ," ಎಂದರು ಅತ್ತೆ.

ಲೈಸೆನ್ಸು ಬಂತು. ಮೊದಲ ದಿನ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದೆ. ಪಕ್ಕದ ಸೀಟಿನಲ್ಲಿ ಮಾವನವರು. ಓಣಿ ದಾಟಿ ದೊಡ್ಡ ರಸ್ತೆಗೆ ಬರುವಷ್ಟರಲ್ಲಿ ನನ್ನ ಹೆಮ್ಮೆಯೆಲ್ಲ ಇಳಿದುಹೋಗಿತ್ತು.

ಗಾಡಿ ನೆಟ್ಟಗೆ ಹೋಗುತ್ತಿರಲಿಲ್ಲ. ಎಡಕ್ಕೆ ವಾಲಿತೆಂದು ಬಲಕ್ಕೆ ತಿರುಗಿಸಿದರೆ ಮೊದಲು ಏನೂ ಆಗುವುದಿಲ್ಲ, ಸ್ಟೇರಿಂಗ್ ಬರೇ ಕೈಯಲ್ಲಿ ತಿರುಗುತ್ತದೆ. ಇನ್ನಷ್ಟು ತಿರುಗಿಸಿದರೆ ಒಮ್ಮೆಲೆ ಹಿಡಿದು ಗಾಡಿ ಬಲಕ್ಕೆ ಜಿಗಿಯುತ್ತದೆ. ಅದನ್ನು ತಡೆಯಲು ಮತ್ತೆ ಎಡಕ್ಕೆ. ಎದುರಿನಿಂದ ಬರುವವರು ಹಾರ್ನ್ ಬಾರಿಸುತ್ತಾರೆ, ಹಿಂದಿನವರು ದಾಟಿಕೊಂಡು ಹೋಗುವಾಗ ಒಳಗೆ ಬಗ್ಗಿ ನೋಡುತ್ತಾರೆ. ಹೆಂಗಸು ಎಂದು ಕಂಡ ಕೂಡಲೇ ಅವರ ಮುಖದ ಮೇಲೆ ಬರುವ ನಗೆಯೊಂದಿದೆ. ಅದನ್ನು ನಾನು ಆ ದಿನಗಳಲ್ಲಿ ಬಹಳ ನೋಡಿದೆ.

"ಬಿಗಿ ಹಿಡಿಯವ್ವಾ. ಹಾವು ಹೊಂಟಂಗ ಹೊಂಟೈತಿ ಗಾಡಿ," ಎನ್ನುತ್ತಿದ್ದರು ಮಾವನವರು.

"ಬಿಗೀನ ಹಿಡದೇನ್ರಿ ಮಾವಾರ."

"ಮತ್ತ ಯಾಕ ಓಲಾಡಾಕತ್ತೈತಿ? ಇಷ್ಟ ವರ್ಷ ನಾ ಓಡಿಸೀನಿ, ಒಂದ ದಿನಾನೂ ಹಿಂಗ ಮಾಡಿಲ್ಲ ಇದು."

ಅದು ಸುಳ್ಳಲ್ಲ. ಅವರು ಓಡಿಸುವಾಗ ನಾನೂ ಎಷ್ಟೋ ಸಲ ಪಕ್ಕದಲ್ಲಿ ಕೂತಿದ್ದೆ. ಗಾಡಿ ದಾರ ಹಿಡಿದಂತೆ ಹೋಗುತ್ತಿತ್ತು. ಆದ್ದರಿಂದ ತಪ್ಪು ನನ್ನ ಕೈಯಲ್ಲೇ ಇದೆ ಎಂದು ನಾನು ನಂಬಿದೆ. ಟ್ರ್ಯಾಕ್ಟರ್ ಓಡಿಸಿದ್ದೇನೆ ಎಂದು ಹೇಳಿಕೊಂಡದ್ದಕ್ಕೇ ನಾಚಿಕೆಯಾಯಿತು. ಮನೆಯಲ್ಲಿ ಒಬ್ಬಳೇ ಇದ್ದಾಗ ಹಿಟ್ಟು ನಾದುವ ಹಿತ್ತಾಳೆಯ ಪರಾತ ಹಿಡಿದು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಹೊರಗಿನಿಂದ ಬಂದ ಅತ್ತೆ ಒಮ್ಮೆ ಅದನ್ನು ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಹೋದರು.

ಒಂದು ದಿನ ಉದಗಾಂವದಲ್ಲಿ ಆ ಜೈನ ಮನೆಯ ಗೇಟಿನ ಕಂಬಕ್ಕೆ ಗಾಡಿ ಸವರಿತು. ಹೊಸದಾಗಿ ಬಣ್ಣ ಹೊಡೆದ ಕಂಬ. ಮನೆಯ ಯಜಮಾನರ ತಾಯಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಇಳಿದು ಕಂಬ ನೋಡಿ, ಅವರ ಮುಂದೆ ಹೋಗಿ ನಿಂತೆ.

"ಇರಲಿ ಬಿಡವ್ವಾ, ಕಂಬ ಏನ್ ಅಳತೈತಿ?" ಎಂದರು ಅವರು. ಒಳಗಿನಿಂದ ಮಜ್ಜಿಗೆ ತರಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಜ್ಜಿಗೆಯ ಲೋಟವನ್ನು ಹಾಗೆಯೇ ಕಟ್ಟೆಯ ಮೇಲಿಟ್ಟು ತರಕಾರಿ ಹೇರಲು ಹೋದೆ.

ಆ ವಾರ ನನ್ನ ಗಂಡ ಬಂದಾಗ ಗಾಡಿಯನ್ನು ಇಚಲಕರಂಜಿಯ ಒಂದು ಗ್ಯಾರೇಜಿಗೆ ಒಯ್ದರು. ಮಿಸ್ತ್ರಿ ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ ಹಿಡಿದು ಅಲ್ಲಾಡಿಸಿದ. ಎರಡು ಗಾಲಿಗಳನ್ನು ಜೋಡಿಸುವ ರಾಡಿನ ತುದಿಯ ಜಾಯಿಂಟುಗಳು ಸವೆದಿದ್ದವು. ಅವನ್ನು ಬದಲಿಸಿದ. ಅಲೈನ್‌ಮೆಂಟ್ ಮಾಡಿಸಿದೆವು. ತುಸು ಸುಧಾರಿಸಿದಂತೆ ಅನಿಸಿತೇ ಹೊರತು ಓಲಾಟ ಹೋಗಲಿಲ್ಲ. ಮಾವನವರೊಡನೆ ಮತ್ತೆ ಒಯ್ದಾಗ ಮಿಸ್ತ್ರಿ ನನ್ನನ್ನೂ ನೋಡಿದ, ಗಾಡಿಯನ್ನೂ ನೋಡಿದ. "ಗಾಡಿ ಜುನಿ ಆಹೆ ವಹಿನಿ, ಎವಢಾ ಪ್ಲೇ ರಾಹಣಾರಚ್," ಎಂದ. ಹಳೆಯ ಗಾಡಿಯಲ್ಲಿ ಇಷ್ಟು ಸಡಿಲು ಇದ್ದೇ ಇರುತ್ತದೆ ಎಂದು. ಮಾವನವರು ಹೌದೆಂದು ತಲೆಯಾಡಿಸಿದರು. ಅಲ್ಲಿಗೆ ಮಾತು ಮುಗಿಯಿತು. ಅವರಿಬ್ಬರ ನಡುವೆ ನಿಂತು "ಇಲ್ಲ, ಇನ್ನೂ ಏನೋ ಇದೆ" ಎನ್ನಬೇಕು ಎನಿಸಿತು. ಅನ್ನಲಿಲ್ಲ.

ಮಾವನವರ ಕಣ್ಣಿನ ಆಪರೇಶನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅವರು ಮತ್ತೆ ನನ್ನ ಪಕ್ಕ ಕೂತು ಬರತೊಡಗಿದರು. ಬಟ್ಟೆಯ ಗಂಟು ಹೇರಿಕೊಂಡು ಗಡಹಿಂಗ್ಲಜಕ್ಕೆ ಹೊರಟಿದ್ದೆವು. ನಿಪ್ಪಾಣಿ ದಾಟಿ ತವಂದಿ ಘಾಟು ಏರುವಾಗ ಒಂದು ಬಸ್ಸು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿಗೆ ಗಾಡಿ ಎಡಕ್ಕೆ ಸರಿಯಿತು. ನಾನು ಬಲಕ್ಕೆ ತಿರುಗಿಸಿದೆ, ಹಿಡಿಯಲಿಲ್ಲ. ಇನ್ನೂ ತಿರುಗಿಸಿದೆ. ಆಗ ಹಿಡಿದು ಗಾಡಿ ಬಸ್ಸಿನ ಕಡೆಗೇ ಹೋಯಿತು. ಹೆದರಿ ಎಡಕ್ಕೆ ಎಳೆದು ಬ್ರೇಕ್ ಒತ್ತಿದೆ. ರಸ್ತೆ ಬಿಟ್ಟು ಜಲ್ಲಿಯ ಮೇಲೆ ಇಳಿದು ಗಾಡಿ ನಿಂತಿತು. ಹಿಂದಿನಿಂದ ಏನೋ ಉರುಳಿದ ಸದ್ದು.

ಹಿಂದೆ ಬರುತ್ತಿದ್ದ ಬೈಕು ಬಿದ್ದಿತ್ತು. ವಯಸ್ಸಾದ ಗಂಡ ಹೆಂಡತಿ. ನಾನು ಓಡಿಹೋಗಿ ಆ ತಾಯಿಯನ್ನು ಎಬ್ಬಿಸಿದೆ. ಮೊಣಕೈ ತರಚಿ ರಕ್ತ ಬಂದಿತ್ತು. ಅವರ ಗಂಡನಿಗೆ ಏನೂ ಆಗಿರಲಿಲ್ಲ, ಅವರ ಚೀಲದ ಬಾಳೆಹಣ್ಣು ರಸ್ತೆಯ ತುಂಬ ಚೆಲ್ಲಿತ್ತು. ನೋಡನೋಡುತ್ತಲೇ ಮಂದಿ ಸೇರಿದರು.

"ಗಾಡಿ ಯಾರ್ ಓಡಸಾಕತ್ತಿದ್ರು?" ಎಂದು ಒಬ್ಬ ಕೇಳಿದ.

"ನಾನ್ರಿ," ಎಂದೆ.

"ಹಂಗಂತ ಹೇಳ್ರಿ ಮತ್ತ," ಎಂದ ಅವನು ಉಳಿದವರ ಕಡೆ ತಿರುಗಿ. ಎಲ್ಲರೂ ನಕ್ಕರು.

ಮಾವನವರು ಕಪ್ಪು ಕನ್ನಡಕದಲ್ಲೇ ಮೆಲ್ಲಗೆ ಇಳಿದು ಬಂದರು. ಆ ಗಂಡ ಹೆಂಡತಿಗೆ ಕೈ ಮುಗಿದರು. ಆಮೇಲೆ ನಿಂತವರೆಲ್ಲರಿಗೂ ಕೈ ಮುಗಿದರು. "ನಮ್ಮ ಸೊಸಿ ಅದಾಳ್ರಿ. ಹೊಸಾಕಿ. ಇನ್ನೂ ಕೈ ಕುಂತಿಲ್ಲ. ಮಾಫ್ ಮಾಡ್ರಿ."

ನನ್ನ ಸಲುವಾಗಿ ಮಾವನವರು ಹೀಗೆ ರಸ್ತೆಯಲ್ಲಿ ಕೈ ಮುಗಿದು ನಿಂತದ್ದನ್ನು ನೋಡಿ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಳು ಬರಲಿಲ್ಲ. ಕಿವಿ ಮಾತ್ರ ಸುಡುತ್ತಿತ್ತು. ಬಾಳೆಹಣ್ಣು ಆರಿಸಿ ಚೀಲಕ್ಕೆ ತುಂಬುವಾಗ ಆ ತಾಯಿ ನನ್ನ ತೋಳು ಮುಟ್ಟಿ, "ಹೋಗ್ಲಿ ಬಿಡು ತಂಗಿ, ಏನಾಗಿಲ್ಲ ನನಗ," ಎಂದರು. ನಾನು ಅವರ ಮುಖ ನೋಡಲಿಲ್ಲ.

ಗಡಹಿಂಗ್ಲಜದ ಅಂಗಡಿಯ ಮುಂದೆ ಹಮಾಲರು ಗಂಟು ಇಳಿಸುತ್ತಿದ್ದರು. ಮಾವನವರು ಒಳಗೆ ಅಂಗಡಿಯ ಸೇಠರ ಹತ್ತಿರ ಕೂತು ದಾರಿಯಲ್ಲಿ ಆದದ್ದನ್ನು ಹೇಳುತ್ತಿದ್ದರು. ನಾನು ಇಳಿಯದೆ ಗಾಡಿಯಲ್ಲೇ ಕೂತಿದ್ದೆ. ಇಂಜಿನ್ ಬಂದ್ ಆಗಿತ್ತು. ಸುಮ್ಮನೆ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲ್ಲಾಡಿಸಿದೆ. ಇಂಜಿನ್ನಿನ ಸದ್ದಿಲ್ಲದ್ದರಿಂದಲೋ ಏನೋ, ಆಗ ಮೊದಲ ಸಲ ನನಗೆ ತಿಳಿಯಿತು: ಪ್ರತಿ ಸಲ ತಿರುಗಿಸಿದಾಗಲೂ ನನ್ನ ಪಾದದ ಕೆಳಗೆ, ತಗಡಿನ ಆಚೆ, ಟಕ್ ಎಂದು ಏನೋ ತಾಗುತ್ತಿತ್ತು. ಚಪ್ಪಲಿ ಕಳಚಿ ಬರಿಗಾಲಿಟ್ಟೆ. ಎಡಕ್ಕೆ ತಿರುಗಿಸಿದರೆ ಟಕ್, ಬಲಕ್ಕೆ ತಿರುಗಿಸಿದರೆ ಟಕ್. ಕಿಟಕಿಯಿಂದ ಬಗ್ಗಿ ನೋಡಿದೆ. ಗಾಲಿ ಅಲುಗುತ್ತಿರಲಿಲ್ಲ.

ಮಾವನವರು ಬಂದ ಮೇಲೆ ಹೇಳಿದೆ. "ಮಾವಾರ, ನೀವು ಇದನ್ನ ಒಂದಿಷ್ಟ ಹಿಂಗ ಅಲ್ಲಾಡಸ್ರಿ. ನಾ ಕೆಳಗ ಹೊಕ್ಕ ನೋಡ್ತೇನಿ."

"ಇಲ್ಲಿ? ಪ್ಯಾಟ್ಯಾಗ ಮಂದಿ ಮುಂದ ಗಾಡಿ ಕೆಳಗ ಮಲಗ್ತಿ?" ಎಂದರು. ಆಮೇಲೆ ದನಿ ಇಳಿಸಿ, "ಇವತ್ತ ಆಗಿದ್ದ ಸಾಕಾತು. ಮನಿಗೆ ನಡಿ," ಎಂದರು.

ಹಮಾಲರು ನಮ್ಮನ್ನೇ ನೋಡುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಗಾಡಿ ಚಾಲು ಮಾಡಿದೆ.

ಗಂಡ ಸೂಟಿಗೆ ಬಂದ ದಿನ, ಅವರು ಚಹ ಕುಡಿದು ಮುಗಿಸುವ ಮೊದಲೇ ನಾನು ಹಳೆಯ ಕೌದಿಯೊಂದನ್ನು ಗಾಡಿಯ ಕೆಳಗೆ ಹಾಸಿದೆ. ಅಂದು ಪಂಜಾಬಿ ಡ್ರೆಸ್ ಹಾಕಿಕೊಂಡಿದ್ದೆ. ಓಣಿಯ ಎರಡೂ ಬದಿ ಮಗ್ಗಗಳು ಖಟಖಟ ಓಡುತ್ತಿದ್ದವು. ಎದುರುಮನೆಯ ಹೆಂಗಸರು ಬಾಗಿಲಿಗೆ ಬಂದರು. ನಾಚಿಕೆ ಪಡಲು ಇನ್ನೇನೂ ಉಳಿದಿಲ್ಲ ಎನಿಸಿ ಅಂಗಾತ ಮಲಗಿ ಒಳಗೆ ಸರಿದೆ.

"ಜಾಕ್ ಹಚ್ಚಲೇನು?" ಎಂದು ಗಂಡ ಕೇಳಿದರು.

"ಬ್ಯಾಡ್ರಿ. ಗಾಲಿ ನೆಲದ ಮ್ಯಾಲೆ ಇರಲಿ. ಗಡಹಿಂಗ್ಲಜದಾಗ ನೆಲದ ಮ್ಯಾಲೆ ಇದ್ದಾಗನ ಸಪ್ಪಳ ಆಗಿದ್ದು. ನೀವು ಕುಂತು ಬರೇ ಸ್ಟೇರಿಂಗ್ ಅಲ್ಲಾಡಸ್ರಿ. ಜೋರ ಬ್ಯಾಡ."

ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡಿದ್ದೆ. ಬಟ್ಟೆಯಲ್ಲಿ ಗೆರೆ ಬಿದ್ದರೆ ಬಟ್ಟೆಯಿಂದ ಹಿಂದೆ ಹಿಂದೆ ನೂಲಿನ ಗುಂಟ ಹೋಗಿ ನೋಡುವುದು ಅಲ್ಲಿಯ ರೂಢಿ. ಹಾಗೆಯೇ ಗಾಲಿಯಿಂದ ಶುರು ಮಾಡಿದೆ. ಗಂಡ ಮೇಲೆ ಅಲ್ಲಾಡಿಸುತ್ತಿದ್ದರು. ಗಾಲಿಯ ಮೇಲೆ ಕೈಯಿಟ್ಟೆ, ಅಲುಗಾಟವಿಲ್ಲ. ಹೊಸದಾಗಿ ಹಾಕಿದ ಜಾಯಿಂಟು ಹಿಡಿದೆ, ಬಿಗಿಯಾಗಿತ್ತು. ಅಡ್ಡ ರಾಡು ಸುಮ್ಮನೆ ಬಿದ್ದಿತ್ತು. ರಾಡನ್ನು ಎಳೆಯುವ ತೋಳು, ಅದೂ ಸುಮ್ಮನೆ. ತೋಳಿನ ಮೇಲುಗಡೆ ಸ್ಟೇರಿಂಗ್ ಬಾಕ್ಸು. ಮೇಲಿನ ದಂಡದ ತಿರುವನ್ನು ಕೆಳಗಿನ ತೋಳಿಗೆ ಕೊಡುವುದು ಇದೇ. ಗ್ರೀಸು ಮತ್ತು ಕೆಸರು ಕೂಡಿ ಅದರ ಮೇಲೆ ಒಂದು ಚಿಪ್ಪೇ ಬೆಳೆದಿತ್ತು. ಅದರ ಮೇಲೆ ಕೈಯಿಟ್ಟಾಗ ನನ್ನ ಅಂಗೈಯಲ್ಲೇ ಟಕ್ ಎಂದಿತು.

ಬಾಕ್ಸಿನ ಒಳಗೇನೂ ಆಗಿರಲಿಲ್ಲ. ಬಾಕ್ಸಿಗೆ ಬಾಕ್ಸೇ ಅಲುಗುತ್ತಿತ್ತು. ಗಾಡಿಯ ಅಡಿಯ ಚೌಕಟ್ಟಾದ ಚಾಸಿಗೆ ಅದನ್ನು ಹಿಡಿದಿಟ್ಟ ಬೋಲ್ಟುಗಳ ಸುತ್ತ ಸ್ಕ್ರೂಡ್ರೈವರಿನಿಂದ ಕೆಸರು ಕೆರೆದೆ. ಮೊಬೈಲಿನ ಟಾರ್ಚು ಹಿಡಿದೆ. ಬೋಲ್ಟಿನ ತೂತಿನಿಂದ ಹೊರಟ ಒಂದು ಬಿರುಕು ಚಾಸಿಯ ತಗಡಿನಲ್ಲಿ ಓರೆಯಾಗಿ ಹೋಗಿತ್ತು. ಗಂಡ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಬಿರುಕು ಬಾಯಿ ತೆರೆದು ಮುಚ್ಚುತ್ತಿತ್ತು. ಜಾಕಿನ ಮೇಲೆ ಗಾಲಿ ಸಲೀಸಾಗಿ ತಿರುಗುವುದರಿಂದ ಬಾಕ್ಸಿನ ಮೇಲೆ ಭಾರ ಬೀಳುತ್ತಿರಲಿಲ್ಲ, ಗ್ಯಾರೇಜಿನಲ್ಲಿ ಅದು ಕಾಣದೇ ಹೋದದ್ದು ಅದಕ್ಕೇ.

"ಸಿಕ್ಕಿತ್ರಿ!" ಎಂದು ಕೂಗಿದೆ.

ಗಂಡ ಬಂದು ನೋಡಿದರು. ಅವರ ಹಿಂದೆ ಮಾವನವರು ಬಂದು, ಬೇಡವೆಂದರೂ ಕೇಳದೆ, ಕೌದಿಯ ಮೇಲೆ ಮಲಗಿ ಒಳಗೆ ಸರಿದರು. ಹೊಸ ಕಣ್ಣು. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ಬಿರುಕಿನ ಒಳಮೈಯನ್ನು ಉಗುರಿನಿಂದ ಕೆರೆದು ಬೆರಳ ತುದಿ ನೋಡಿಕೊಂಡರು. ಕೆಂಪು ತುಕ್ಕು.

"ಇದು ಇವತ್ತಿಂದಲ್ಲ," ಎಂದರು ಅಲ್ಲೇ ಮಲಗಿಕೊಂಡು. "ವರ್ಷಗಟ್ಲೆ ಆಗೇತಿ."

ನಾನು ಗೆದ್ದಂತೆ ನಿಂತಿದ್ದೆ. ಎದುರುಮನೆಯವರಿಗೆ ಕೇಳಲಿ ಎಂದೇ ಕೂಗಿ ಹೇಳಿದ್ದೆ. ಮಾವನವರು ಹೊರಗೆ ಬಂದಾಗ ಬೆನ್ನಿಗೆಲ್ಲ ಮಣ್ಣು ಮೆತ್ತಿತ್ತು. ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಅತ್ತೆ ಕರೆಯಲು ಹೋಗಿ ಬಂದು ನನಗೆ ಹೇಳಿದರು: "ನಿನ್ನ ಮದವಿ ಮಂದೀನ ಈ ಗಾಡ್ಯಾಗ ತುಂಬ್ಕೊಂಡ ಬಂದಿದ್ರಲ್ಲ, ಅದನ್ನ ನೆನಸ್ಕೋಂತ ಕುಂತಾರ. ಸಣ್ಣ ಸಣ್ಣ ಹುಡುಗ್ರು ಇದ್ವು, ಅಂತಾರ."

ನನಗೆ ಆ ಘಾಟಿನ ತಾಯಿಯ ಮೊಣಕೈ ಕಣ್ಣ ಮುಂದೆ ಬಂತು. ತಪ್ಪು ನನ್ನ ಕೈಯದಲ್ಲ ಎಂದು ಗೊತ್ತಾದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ. ಗಾಡಿಯಲ್ಲಿ ಏನೋ ಇದೆ ಎಂದು ನನ್ನ ಮೈಗೆ ಎಂದೋ ಗೊತ್ತಾಗಿತ್ತು. ನಗುತ್ತಾರೆ ಎಂದು ಬಾಯಿ ಬಿಡದೆ ಅದನ್ನೇ ಘಾಟು ಹತ್ತಿಸಿದ್ದೆ.

ಗಂಡ ಗಾಡಿಯನ್ನು ನಿಧಾನಕ್ಕೆ ಓಡಿಸಿಕೊಂಡು ಗೋಕುಳ ಶಿರಗಾಂವಕ್ಕೆ ಒಯ್ದರು. ಅವರ ಫೌಂಡ್ರಿಯ ಹಿಂದೆ ಚಾಸಿ ಕೆಲಸ ಮಾಡುವ ವರ್ಕ್‌ಶಾಪ್ ಇತ್ತು. ಬಾಕ್ಸು ಬಿಚ್ಚಿ, ಬಿರುಕು ಬೆಸೆದು, ಅದರ ಮೇಲೆ ದಪ್ಪ ಪಟ್ಟಿ ಕೂರಿಸಿ, ಹೊಸ ಬೋಲ್ಟು ಬಿಗಿದರು. ತರಲು ನಾನೂ ಮಾವನವರೂ ಬಸ್ಸಿನಲ್ಲಿ ಹೋದೆವು. ಡಾಕ್ಟರು ಆ ಹೊತ್ತಿಗೆ ಅವರಿಗೆ ಓಡಿಸಲು ಅಪ್ಪಣೆ ಕೊಟ್ಟಿದ್ದರು.

"ಕೀಲಿ ಕೊಡು," ಎಂದರು ಮಾವನವರು. ಕೊಟ್ಟೆ. ಪಕ್ಕದಲ್ಲಿ ಕೂತೆ.

ಹುಪರಿಯ ರಸ್ತೆ ಹಿಡಿದ ಕೂಡಲೇ ಗಾಡಿ ಓಲಾಡತೊಡಗಿತು. ಕೆಲಸ ಸರಿಯಾಗಿಲ್ಲವೇನೋ ಎಂದುಕೊಂಡೆ. ಆಮೇಲೆ ಅವರ ಕೈ ನೋಡಿದೆ. ಅವರ ಕೈಗಳು ಸುಮ್ಮನಿರುತ್ತಿರಲಿಲ್ಲ. ಗಾಡಿ ನೆಟ್ಟಗಿದ್ದರೂ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಆಡುತ್ತಲೇ ಇದ್ದವು. ಅದೆಷ್ಟೋ ವರ್ಷಗಳಿಂದ ಆ ಸಡಿಲನ್ನು ಅವರು ಹೀಗೆಯೇ ತುಂಬಿಕೊಡುತ್ತ ಬಂದಿದ್ದರು, ತಮಗೇ ತಿಳಿಯದ ಹಾಗೆ. ಈಗ ತುಂಬಲು ಸಡಿಲೇ ಇರಲಿಲ್ಲ. ಅವರು ಅಲ್ಲಾಡಿಸಿದ್ದೆಲ್ಲ ನೇರ ಗಾಲಿಗೆ ಹೋಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರ್ ಒಂದು ಎದುರು ಬಂತು. ಅದರ ಡ್ರೈವರ್ ಹಾರ್ನ್ ಬಾರಿಸಿ ಕೈ ಬೀಸಿ ಏನೋ ಬೈದುಹೋದ.

ಒಳಗೊಳಗೇ ನನಗೆ ಖುಷಿಯಾಯಿತು. ಬಹಳ ಖುಷಿ. ಈಗ ಗೊತ್ತಾಯಿತೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರ ಕುತ್ತಿಗೆಯ ಬೆವರು ಕಂಡಿತು. ಅಂಗಿಯ ಕಾಲರು ತೊಯ್ದಿತ್ತು. ನಾನು ಗಾಡಿ ಓಡಿಸುವಾಗ ನನ್ನ ಕುಪ್ಪಸ ತೊಯ್ಯುತ್ತಿದ್ದ ಹಾಗೆಯೇ. ನನ್ನ ಖುಷಿಗೆ ನನಗೇ ಅಸಹ್ಯವಾಯಿತು.

ಬೆಲ್ಲ ಮಾಡುವ ಒಂದು ಗುಡಾಳದ ಮುಂದೆ ಗಾಡಿ ನಿಲ್ಲಿಸಿದರು. ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಸ್ಟೇರಿಂಗಿನ ಮೇಲಿಂದ ಕೈ ತೆಗೆಯದೆ ಕೂತರು.

"ನೀ ಬಾ ಈ ಕಡೆ," ಎಂದರು ಕೊನೆಗೆ.

"ಓಡಸ್ರಿ ಮಾವಾರ. ಎರಡ ದಿನದಾಗ ರೂಢಿ ಆಗತೈತಿ."

"ಬ್ಯಾಡ. ಯಾರನ್ನರೆ ಕೆಡವಿದ್ರ? ನೀ ಬಾ."

ಸೀಟು ಬದಲಿಸಿದೆವು. ನನ್ನ ಕೈಯಲ್ಲಿ ಗಾಡಿ ನೆಟ್ಟಗೆ ಹೋಯಿತು. ತಿರುಗಿಸಿದಷ್ಟೇ ತಿರುಗುವ ಗಾಡಿ ಎಷ್ಟು ಸುಖ ಎಂದು ನಾನು ಅಂದು ತಿಳಿದೆ. ಆದರೆ ಆ ಸುಖವನ್ನು ಮುಖದ ಮೇಲೆ ಬರಗೊಡಲಿಲ್ಲ.

ಮುಂದಿನ ಸಲ ಗಡಹಿಂಗ್ಲಜಕ್ಕೆ ಹೋದಾಗ ಅಂಗಡಿಯ ಸೇಠರು ನನ್ನನ್ನು ನೋಡಿ, "ಕಾಯ ವಹಿನಿ, ಹಾತ ಬಸಲಾ ಕಾ ಆತಾ?" ಎಂದು ನಗುತ್ತ ಕೇಳಿದರು. ಈಗಲಾದರೂ ಕೈ ಕೂತಿತೇ ಎಂದು. ನಾನು ಉತ್ತರ ಕೊಡುವ ಮೊದಲೇ ಮಾವನವರು ಎದ್ದು ನಿಂತರು.

"ಆಕಿ ಕೈ ಮೊದಲಿಂದಾನೂ ಚಲೋ ಐತ್ರಿ. ಗಾಡಿ ಮುರದಿತ್ತು. ಮುರದ ಗಾಡಿ ಕೈಯಾಗ ಕೊಟ್ಟು ನಾನ ಆಕೀಗೆ ಬೈಕೋಂತ ಕುಂತಿದ್ದೆ," ಎಂದರು. ಹಮಾಲರೂ ಕೇಳುವಷ್ಟು ಗಟ್ಟಿ ದನಿ. ಸೇಠರ ನಗೆ ನಿಂತಿತು. ಎಲ್ಲರೂ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಈ ಮಾತಿಗಾಗಿ ನಾನು ಎಷ್ಟು ದಿನ ಕಾದಿದ್ದೆನೋ, ಆಡಿದಾಗ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಗಂಟು ಎಣಿಸುವ ನೆಪದಲ್ಲಿ ಗಾಡಿಯ ಹಿಂದೆ ಹೋಗಿ ನಿಂತೆ.

ಆಮೇಲಿನ ದಿನಗಳಲ್ಲಿ ನಸುಕಿಗೇ ಎದ್ದು ನಾವಿಬ್ಬರೂ ಊರಾಚೆಯ ಮೈದಾನಕ್ಕೆ ಹೋಗುತ್ತಿದ್ದೆವು. ಮೊದಲ ದಿನ ಅವರೇ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಒಂದೀಟ ಜೋಡಿ ಬರ್ತಿಯೇನವ್ವಾ?" ಎಂದು ಕೇಳಿದ್ದರು. ಅಲ್ಲಿ ಅವರು ಸುತ್ತು ಹೊಡೆಯುತ್ತಿದ್ದರು, ಕೈ ಸುಮ್ಮನಿಡಲು ಕಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಅವರ ಕೈ ಕಾಣಿಸದ ಹಾಗೆ ಕಿಟಕಿಯ ಆಚೆ ನೋಡುತ್ತಿದ್ದೆ. ಗಾಡಿ ಓಲಾಡಿದರೆ ಅವರು "ಛೇ" ಎನ್ನುತ್ತಿದ್ದರು, ನಾನು ಕೇಳಿಸಿಕೊಳ್ಳದವಳ ಹಾಗೆ ಇರುತ್ತಿದ್ದೆ.

"ಎಲ್ಲೈತಿ ನಿನ್ನ ಲಕ್ಷ್ಯ?" ಎಂದರು ಒಮ್ಮೆ. "ತಪ್ಪಿದ್ರ ಹೇಳಾಕ ಕರಕೊಂಡ ಬಂದೇನಿ ನಿನ್ನ."

"ಒಂಚೂರ ಎಡಗೈ ಸಡ್ಲ ಬಿಡ್ರಿ ಮಾವಾರ," ಎಂದೆ ಅವರ ಕಡೆ ತಿರುಗಿ.

ಅವರು ಸಡಿಲು ಬಿಟ್ಟರು. ಗಾಡಿ ಮೈದಾನದ ಆ ತುದಿಯವರೆಗೆ ಚೆನ್ನಾಗಿಯೇ ಹೋಯಿತು. ತಿರುವಿನಲ್ಲಿ ಮತ್ತೆ ಓಲಾಡಿತು. ಈಗ ಊರೊಳಗಿನ ಬೀಮುಗಳನ್ನು ಅವರು ಒಯ್ಯುತ್ತಾರೆ. ಗಡಹಿಂಗ್ಲಜದ ಬಾಡಿಗೆ ಬಂದರೆ ಕೀಲಿಯನ್ನು ನನ್ನ ಕಡೆ ಸರಿಸಿ, ತಾವು ಪಕ್ಕದ ಸೀಟಿಗೆ ಹತ್ತುತ್ತಾರೆ.